ಪೆಟ್ಟು ತಪ್ಪಿಸಿಕೊಳ್ಳುವ ಹುಡುಗ

ಸ್ವೀಡನ್ನಿನ ಆ ಐಸ್ ಹಾಕಿ ಅಂಕಣದಲ್ಲಿ ಸಿಗ್ನೆ ಎಲ್ಲರಂತೆ ಮುಂಗೈಗೆ ನೋವಿನ ಪಟ್ಟಿ ಕಟ್ಟಿಕೊಂಡು ಕೂತಳು. ಆಟಗಾರನಿಗೆ ಬಿದ್ದ ಪೆಟ್ಟು ಪಟ್ಟಿ ಕಟ್ಟಿದವರ ಮೈಗೂ ಬೀಳುತ್ತದೆ. ಜನ ಟಿಕೆಟ್ ಕೊಳ್ಳುವುದೇ ಅದಕ್ಕೆ. ಬರೀ ಗೋಲು ನೋಡಲು ಈಗ ಯಾರು ಬರುತ್ತಾರೆ? ದೊಡ್ಡ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಹತ್ತಿರ ಬಂದಿತ್ತು. ಗೋಲು ಹೊಡೆಯಲು ಮುಂದೆ ನುಗ್ಗುವ ಫಾರ್ವರ್ಡ್‌ಗಳಲ್ಲಿ ಯಾರು ತಕ್ಕವನೆಂದು ನೋಡಿ ಹೇಳುವುದು ಅವಳ ಕೆಲಸ.

ಅಂಥ ಫಾರ್ವರ್ಡ್ ಹುಡುಗ ಎಲೋಫ್ ಮೂವರು ಎದುರಾಳಿಗಳನ್ನು ದಾಟಿ ಗೋಲು ಹೊಡೆದ. ಸಿಗ್ನೆಯ ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಗುನ್ವೋರ್ ಹಿಗ್ಗಿದಳು.

“ನೋಡಿದ್ರಾ ಮೇಡಂ? ಈ ವರ್ಷ ಒಬ್ಬರ ಕೈಲೂ ಅವನನ್ನ ಮುಟ್ಟೋಕಾಗಿಲ್ಲ.”

“ಅದೇ ತೊಂದರೆ ಕಣಮ್ಮ. ಆಟ ಚಂದ, ಆದ್ರೆ ನಮ್ಮ ಮೈಗೆ ಏನೂ ತಾಗಲ್ಲ. ಇಂಥವನನ್ನ ಯಾರು ತಗೋತಾರೆ?”

ವಿರಾಮದಲ್ಲಿ ಗುನ್ವೋರ್ ಕೆಳಗಿಳಿದು ಹೋಗಿ ಮಗನ ಕಿವಿಯಲ್ಲಿ ಏನೋ ಹೇಳಿದಳು. ವಾಪಸು ಬಂದವಳು, ಎಂದೂ ಕಟ್ಟದ ಪಟ್ಟಿಯನ್ನು ತಾನೂ ಕಟ್ಟಿಕೊಂಡಳು.

ಆಟ ಮತ್ತೆ ಶುರುವಾಯಿತು. ಅಂಕಣದ ಸುತ್ತಲಿನ ಗೋಡೆಯ ಪಕ್ಕ ಬಂದ ಎಲೋಫ್, ನುಸುಳಿ ಹೋಗಲು ಜಾಗವಿದ್ದರೂ ನಿಂತುಬಿಟ್ಟ. ತಲೆಯೆತ್ತಿ ಅಮ್ಮನನ್ನು ನೋಡಿದ. ಎದುರಾಳಿ ರಭಸದಿಂದ ಬಂದು ಅವನನ್ನು ಗೋಡೆಗೆ ಅಪ್ಪಳಿಸಿದ.

ಸಿಗ್ನೆಯ ಹೆಗಲಿನ ಮೂಳೆ ಮುರಿದಂತಾಯಿತು. ಸುತ್ತಲಿನ ಜನ ನರಳುತ್ತಲೇ ಎದ್ದುನಿಂತು ಕೇಕೆ ಹಾಕಿದರು.

ಗುನ್ವೋರ್ ಹೆಗಲು ಹಿಡಿದುಕೊಂಡು, ಉಸಿರು ಸಿಕ್ಕ ಮೇಲೆ ಕೇಳಿದಳು: “ಈಗ ತಾಗ್ತಲ್ವಾ, ಮೇಡಂ?”