ಒಂದೇ ಪ್ಯಾಕೆಟ್

ಸೋಮವಾರ ಶಾಂಭವಿ ತಾನು ಕೆಲಸ ಮಾಡುವ ಆಸ್ಪತ್ರೆಯ ಕಂಪ್ಯೂಟರ್ ಜಾಲವನ್ನು ಕಾಯುವ ಫೈರ್‌ವಾಲ್‌ನಲ್ಲಿ ಒಂದು ದೋಷವನ್ನು ಪತ್ತೆಹಚ್ಚಿದಳು. ಮಂಗಳವಾರ ಅದನ್ನು ಸಹೋದ್ಯೋಗಿ ಮಧುಕೇಶ್ವರನಿಗೆ ತೋರಿಸಿದಳು. ಗುರುವಾರ ಅವಳು ರಜೆಯಲ್ಲಿದ್ದಾಗ ಅವನು ಅದರ ವರದಿಯನ್ನು ಫೈರ್‌ವಾಲ್ ತಯಾರಿಸಿದ ಕಂಪನಿಗೆ ಕಳುಹಿಸಿಬಿಟ್ಟ.

ದೋಷ ಸರಳವಾಗಿತ್ತು. ಕಿಡಿಗೇಡಿಯೊಬ್ಬ ಕೆಟ್ಟ ರಚನೆಯ ಒಂದೇ ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ತುಣುಕು, ಕಳುಹಿಸಿದರೂ ಫೈರ್‌ವಾಲ್ ಸ್ಥಗಿತಗೊಂಡು, ಆಸ್ಪತ್ರೆಯ ಕಂಪ್ಯೂಟರ್‌ಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತಿದ್ದವು.

ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು; ಕಾಯಂ ಹುದ್ದೆ ಒಂದೇ ಇತ್ತು. ಅವನನ್ನು ಯಾರಾದರೂ ಹೊಗಳಿದರೆ ಅವಳಿಗೆ ಅಂದಿನ ಊಟ ರುಚಿಸುತ್ತಿರಲಿಲ್ಲ.

ಶುಕ್ರವಾರ ಅವಳು ನೇರವಾಗಿ ಕೇಳಿದಳು.

"ನಾನು ಬರೋವರೆಗೆ ಕಾಯೋಕೆ ಆಗ್ಲಿಲ್ವಾ?"

"ಆಸ್ಪತ್ರೆ ಕಣ್ರೀ. ಒಂದು ದಿನ ತಡ ಮಾಡಿದ್ರೂ ತಪ್ಪಾಗ್ತಿತ್ತು."

"ಹಾಗಾದ್ರೆ ವರದಿ ತೋರಿಸಿ."

"ತಿದ್ದುಪಡಿ ಬಿಡುಗಡೆ ಆಗೋವರೆಗೆ ಯಾರಿಗೂ ತೋರಿಸಲ್ಲ ಅಂತ ಕಂಪನಿಗೆ ಮಾತು ಕೊಟ್ಟಿದ್ದೀನಿ. ನಮ್ಮ ಕಸುಬಿನ ನಿಯಮ ನಿಮಗೆ ಗೊತ್ತಿಲ್ವಾ? ಆಮೇಲೆ ನೀವೇ ನೋಡ್ತೀರಲ್ಲ, ಬಿಡಿ."

"ಅಡುಗೆ ಮಾಡಿದ್ದು ನಾನು. ಬಡಿಸಿ ಹೆಸರು ತಗೊಳ್ಳೋದು ನೀವು."

ಅವನು ನಕ್ಕ. ಆ ನಗು ಅವಳನ್ನು ಇನ್ನಷ್ಟು ಕೆರಳಿಸಿತು.

ಅಂದು ಸಂಜೆಯೇ ಅವಳು ವ್ಯವಸ್ಥಾಪಕರ ಕೋಣೆಗೆ ಹೋಗಿ, ಮಧುಕೇಶ್ವರ ತನ್ನ ಶೋಧವನ್ನು ಕದ್ದಿದ್ದಾನೆಂದು ದೂರು ಕೊಟ್ಟಳು. ವರದಿ ತೋರಿಸೆಂದು ಅವರು ಕೇಳಿದಾಗಲೂ ಅವನು ಮಾತು ಮುರಿಯಲಿಲ್ಲ. ಮರುವಾರ ಅವನನ್ನು ಕೆಲಸದಿಂದ ತೆಗೆದು, ಕಾಯಂ ಹುದ್ದೆಯನ್ನು ಅವಳಿಗೆ ಕೊಟ್ಟರು.

ಮುಂದಿನ ತಿಂಗಳು ಕಂಪನಿ ತಿದ್ದುಪಡಿಯನ್ನು ಬಿಡುಗಡೆ ಮಾಡಿತು. ಅದರ ಜೊತೆಗಿದ್ದ ಪ್ರಕಟಣೆಯನ್ನು ಶಾಂಭವಿ ಕೊನೆಯವರೆಗೂ ಓದಿದಳು.

"ವರದಿ ಕಳುಹಿಸಿದವರ ಹೇಳಿಕೆಯಂತೆ, ಈ ದೋಷವನ್ನು ಪತ್ತೆಹಚ್ಚಿದವರು ಶಾಂಭವಿ ಒಬ್ಬರೇ."