ಎಡಗೈಯ ಪತ್ರಿ

ನೀಲವ್ವ ಬಲಗೈಯಿಂದ ಏರಿಸಿದ ಬಿಲ್ವಪತ್ರಿ ಎಡ ಅಂಗೈಯಲ್ಲಿದ್ದ ಇಷ್ಟಲಿಂಗದ ಮೇಲೆ ಕೂರದೆ ತೊಡೆಯ ಮೇಲೆ ಬಿತ್ತು. ಇನ್ನೊಂದು ಏರಿಸಿದಳು, ಅದೂ ಬಲಕ್ಕೆ ಸರಿದು ನೆಲ ಸೇರಿತು. ಪೂಜೆಗೆ ಕೂತಾಗಿನಿಂದ ಜಗಲಿ, ದೀಪ, ಗೋಡೆ ಎಲ್ಲವೂ ಬುಗುರಿಯಂತೆ ತಿರುಗುತ್ತಿದ್ದವು.

“ಸೋಮವಾರದ ಒಪ್ಪತ್ತಿಗೆ ಪಿತ್ತ ಏರೈತಿ, ಯವ್ವಾ,” ಎಂದ ಮಗ ಚನ್ನೇಶ, ಲಿಂಬೆಹಣ್ಣು ಹಿಂಡುತ್ತ. “ಇದನ್ನ ಕುಡದು ಮಲಕೋ.”

ಸೊಸೆ ತನುಜಾ ಬಿದ್ದ ಪತ್ರಿ ಎತ್ತಿಕೊಂಡಳು. “ಅತ್ತಿ, ಲಿಂಗ ಎರಡೆರಡು ಕಾಣಾಕತ್ತೈತೇನ್ರಿ?”

“ಇಲ್ಲವಾ, ಒಂದ ಐತಿ. ಕೈನ ಬ್ಯಾರೆ ಕಡೆ ಹೊಂಟೈತಿ.” ನೀಲವ್ವನ ದನಿಯಲ್ಲಿ ಅಂಜಿಕೆಗಿಂತ ಅಚ್ಚರಿಯೇ ಹೆಚ್ಚಿತ್ತು. “ಹಾದಿ ಮರತೈತೇನೋ, ನೋಡು.”

“ಎಡಗೈಲೆ ಏರಿಸಿ ನೋಡ್ರಿ.”

“ಎಡಗೈಲೆ ಶಿವಗ ಯಾರರ ಏರಸ್ತಾರನು?” ಚನ್ನೇಶ ಗದರಿದ.

ನೀಲವ್ವ ಒಂದು ಗಳಿಗೆ ಕಣ್ಣು ಮುಚ್ಚಿದಳು. “ಎಡಗೈನೂ ಅವನ ಕೊಟ್ಟದ್ದಲ್ಲೇನು,” ಎಂದು ಲಿಂಗವನ್ನು ಬಲ ಅಂಗೈಗೆ ಬದಲಿಸಿದಳು. ಆ ಕೈಯನ್ನು ತೊಡೆಗೆ ಊರಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಎಡಗೈಯಿಂದ ಪತ್ರಿ ಏರಿಸಿದಳು. ಅದು ನೆಟ್ಟಗೆ ಹೋಗಿ ಲಿಂಗದ ನೆತ್ತಿಯ ಮೇಲೆ ಕೂತಿತು.

“ಪಿತ್ತಾಗಿದ್ರ ಒಂದ ಕೈ ತಪ್ತಿತ್ತೇನ್ರಿ?” ತನುಜಾ ಗಂಡನತ್ತ ತಿರುಗಿದಳು. “ಇದು ಮೆದುಳಿಗೆ ಲಕ್ವಾ ಹೊಡದದ್ದಿರಬೇಕು. ಶಿಗ್ಗಾಂವ ದವಾಖಾನಿಗೆ ಹೋಗೂಣು, ಗಾಡಿ ತಗೀರಿ.”

ಚನ್ನೇಶ ಲಿಂಗದ ಮೇಲಿನ ಪತ್ರಿಯನ್ನೇ ನೋಡಿದ. ಅರ್ಧ ಹಿಂಡಿದ ಲಿಂಬೆಹಣ್ಣನ್ನು ಕೆಳಗಿಟ್ಟು, ಬಾಗಿ ಅವ್ವನನ್ನು ಎತ್ತಿಕೊಂಡ.