ಹೊತ್ತು ಹಿಡಿಯುವ ಸೊಪ್ಪು

ಗೋಡೆಯ ನಲ್ಲಿಯಲ್ಲೇ ಬಿಸಿ ಊಟ ಇಳಿಯತೊಡಗಿದ ಮೇಲೆ ಆ ಊರಿನ ಯಾರ ಮನೆಯಲ್ಲೂ ಒಲೆ ಉಳಿದಿರಲಿಲ್ಲ. ಆದರೂ ನಿಂಗಾಜಮ್ಮನ ಸೊಪ್ಪಿನ ಬುಟ್ಟಿ ದಿನವೂ ಬರಿದಾಗುತ್ತಿತ್ತು. ದುಡ್ಡು ಪಡೆದು ಒಬ್ಬರ ಜೊತೆ ಕೂತು ಮಾತಾಡುವುದು ಅಪರಾಧವಾಗಿತ್ತು; ಸೊಪ್ಪು ಮಾರುವುದು ಆಗಿರಲಿಲ್ಲ. ಮಾರಿದವಳು ಕೂತು ಬಿಡಿಸಿಕೊಡುವುದಂತೂ ಹಿಂದಿನಿಂದ ಬಂದ ವಾಡಿಕೆ. ಅವಸರದವರು ದಂಟು ಕೊಳ್ಳುತ್ತಿದ್ದರು, ಮನಸ್ಸು ಭಾರವಾದವರು ಮೆಂತ್ಯ. ಬಿಡಿಸಿದ್ದನ್ನು ಬೀದಿಯ ಮೇಕೆಗಳು ತಿಂದು ತಣ್ಣಗಿದ್ದವು.

ಹೆಂಡತಿಯನ್ನು ಕಳೆದುಕೊಂಡಿದ್ದ ಗಾರೆ ಕೆಲಸದ ಕೆಂಚಪ್ಪನ ಜಗಲಿಯಲ್ಲಿ ಒಂದು ದಿನ ಅವನೂ ನಿಂಗಾಜಮ್ಮನೂ ಮೆಂತ್ಯ ಬಿಡಿಸುತ್ತಿದ್ದಾಗ ತಪಾಸಣೆಯವನು ಬಂದ.

"ಒಲೆ ಇಲ್ದಿದ್ ಮನೇಲಿ ಸೊಪ್ಪು ಯಾತಕ್ಕಮ್ಮ? ಮಾತು ಮಾರ್ತಿದ್ದೀಯ ಅಂತ ಗೊತ್ತಾದ್ರೆ ಈ ಬುಟ್ಟಿ ಮತ್ತೆ ನಿನ್ನ ತಲೆ ಮೇಲೆ ಕೂರಲ್ಲ."

ನಿಂಗಾಜಮ್ಮನ ಕೈ ನಿಂತಿತು. ಕೆಂಚಪ್ಪ ಒಂದು ಹಿಡಿ ಹಸಿ ಮೆಂತ್ಯವನ್ನು ಬಾಯಿಗೆ ಹಾಕಿಕೊಂಡು ಅಗಿದ.

"ನಾನು ಹಿಂಗೇ ತಿಂತೀನಿ ಸಾಮಿ."

"ಕಹಿ ಇಲ್ವ?"

"ಒಬ್ನೇ ತಿಂದ್ರೆ ಕಹಿ."

ಆಡಿದ ಮೇಲೆ ಕೆಂಚಪ್ಪನಿಗೆ ಗುಟ್ಟು ಬಿಟ್ಟುಕೊಟ್ಟ ತಪ್ಪಿನ ಅರಿವಾಯಿತು. ನಿಂಗಾಜಮ್ಮ ಮನಸ್ಸಿನಲ್ಲೇ ಮಾದಪ್ಪನಿಗೆ ಕೈಮುಗಿದಳು. ತಪಾಸಣೆಯವನು ಬೀದಿಯ ಆಚೀಚೆ ನೋಡಿ, ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೂತ. ಒಂದು ಕಡ್ಡಿ ಎತ್ತಿಕೊಂಡು ಎಲೆಯನ್ನೆಲ್ಲ ಒಂದೇ ಸಲಕ್ಕೆ ಸವರಿಬಿಟ್ಟ.

"ಹಂಗಲ್ಲ ಮಗ," ಎಂದಳು ನಿಂಗಾಜಮ್ಮ, ಅವನ ಕೈಗೆ ಇನ್ನೊಂದು ಕಡ್ಡಿ ಕೊಡುತ್ತಾ. "ಒಂದೊಂದೇ ಎಲೆ ಬಿಡಿಸ್ಬೇಕು. ದೇವ್ರು ಇದಕ್ಕೆ ಇಷ್ಟು ಸಣ್ಣ ಎಲೆ ಕೊಟ್ಟಿರೋದೇ ಅದಕ್ಕೆ. ಈಗ ಹೇಳು, ಮನೇಲಿ ಯಾರ್ಯಾರಿದ್ದೀರಿ?"